ಗಜನಿ ಬಾಗಿಲಿನ ಐದು ದೀಪ

ಆ ಬೆಳಿಗ್ಗೆ ಗಜನಿಯ ಬಾಗಿಲು ತೆರೆದೇ ಇತ್ತು. ಈ ಮಾತಿನಲ್ಲಿ ಯಾರಿಗೂ ತಕರಾರಿಲ್ಲ. ಹೊಳೆಯ ಉಪ್ಪುನೀರು ಗದ್ದೆಯೊಳಗೆ ಬಂದು ನಿಂತಿತ್ತು, ಅದರಲ್ಲೂ ತಕರಾರಿಲ್ಲ. ಬಾಗಿಲು ಯಾಕೆ ತೆರೆದಿತ್ತು ಎಂಬುದೊಂದು ಮಾತ್ರ ಗೊತ್ತಿಲ್ಲ. ಆ ಒಂದು ಗೊತ್ತಿಲ್ಲದ್ದರಿಂದ ಒಬ್ಬ ಮನುಷ್ಯನ ಕೆಲಸವೂ ಹೋಯಿತು, ಅವನ ಮಾತಿಗಿದ್ದ ಬೆಲೆಯೂ ಹೋಯಿತು. ನಾನು ಹತ್ತಿರದಿಂದ ನೋಡಿದವಳು. ಸಭೆಯಲ್ಲಿ ಮಾತಾಡಿದವಳೂ ಹೌದು. ಹಾಗಾಗಿ ಕಂಡದ್ದನ್ನು ಕಂಡಷ್ಟೇ ಬರೆಯಲು ನೋಡುತ್ತೇನೆ.

ನಾನು ಭಟ್ಕಳದ ಒಂದು ಕಾಲೇಜಿನಲ್ಲಿ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಮನೆ ಹೊನ್ನಾವರದಲ್ಲಿ. ನನ್ನ ತಮ್ಮ ಕುಮಟೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದಾನೆ. ಇನ್ವರ್ಟರ್, ಪಂಪಿನ ಸ್ಟಾರ್ಟರ್, ಮೀನುಗಾರಿಕೆ ದೋಣಿಗಳ ಜಿಪಿಎಸ್, ಹೀಗೆ ಕೆಟ್ಟದ್ದೆಲ್ಲ ಅವನ ಮೇಜಿಗೆ ಬರುತ್ತದೆ. ಸರಿಯಾಗದೆ ಅಲ್ಲೇ ಉಳಿದ ಬೋರ್ಡುಗಳನ್ನು ಅವನು ಎಸೆಯುವುದಿಲ್ಲ. ಅವುಗಳಿಂದ ಕಿತ್ತ ಚಿಪ್‌ಗಳನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿಡುತ್ತಾನೆ.

ಮಿರ್ಜಾನದ ಕೆಳಗೆ ಅಘನಾಶಿನಿ ಅಗಲವಾಗುವಲ್ಲಿ ಹೊಳೆಯ ಅಂಚಿನ ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಸಮುದ್ರ ಏರಿದಾಗ ಹೊಳೆಯೂ ಏರುತ್ತದೆ. ಆ ಏರಿಕೆಗೆ ಅಲ್ಲಿ ಭರತ ಎನ್ನುತ್ತಾರೆ. ಗದ್ದೆಗೂ ಹೊಳೆಗೂ ನಡುವೆ ಒಂದು ಮಣ್ಣಿನ ಕಟ್ಟೆ, ಕಟ್ಟೆಯಲ್ಲಿ ಒಂದು ಬಾಗಿಲು. ಭರತ ಬಂದಾಗ ಬಾಗಿಲು ಮುಚ್ಚಬೇಕು, ಇಳಿತಕ್ಕೆ ತೆರೆದು ಗದ್ದೆಯ ಮಳೆನೀರನ್ನು ಹೊರಗೆ ಬಿಡಬೇಕು. ಅಲ್ಲಿ ಬೆಳೆಯುವ ಕಗ್ಗ ಭತ್ತ ಸ್ವಲ್ಪ ಉಪ್ಪನ್ನು ತಡೆಯುತ್ತದೆ. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ತಡೆಯುವುದಿಲ್ಲ.

ಬಾಗಿಲು ಕಾಯುವ ಕೆಲಸ ಒಂದು ಮನೆತನದ್ದು. ನಾನು ಹೇಳುತ್ತಿರುವ ಮನುಷ್ಯನ ಅಪ್ಪನೂ ಅಜ್ಜನೂ ಅದೇ ಬಾಗಿಲು ಕಾದವರು. ಈ ಕೆಲಸಕ್ಕೆ ಗದ್ದೆಯವರೆಲ್ಲ ಸುಗ್ಗಿಯಲ್ಲಿ ಅವನಿಗೆ ಭತ್ತ ಅಳೆದು ಕೊಡುತ್ತಾರೆ. ಅದಕ್ಕಿಂತ ದೊಡ್ಡದು ಬಲೆಯ ಹಕ್ಕು. ಇಳಿತಕ್ಕೆ ಬಾಗಿಲಿನಿಂದ ನೀರು ಹೊರಗೆ ನುಗ್ಗುವಾಗ ಅಲ್ಲಿ ಬಲೆ ಕಟ್ಟಿ ಮೀನು, ಸಿಗಡಿ ಹಿಡಿಯುವ ಹಕ್ಕು ಬಾಗಿಲು ಕಾಯುವವನಿಗೆ ಮಾತ್ರ. ಅಮಾವಾಸ್ಯೆ ಹುಣ್ಣಿಮೆಗೆ ಭರತ ದೊಡ್ಡದಾಗುವುದರಿಂದ ಮೀನೂ ಹೆಚ್ಚು. ಈ ಮಾತು ಮುಂದೆ ಅವನ ಕುತ್ತಿಗೆಗೇ ಬಂತು, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಅವನಿಗೆ ಅರವತ್ತು ದಾಟಿತ್ತು. ಮಂಡಿ ನೋವು. ಬಾಗಿಲಿನ ಮರದ ಹಲಗೆ ಎತ್ತುವುದು ಕಷ್ಟವಾಗತೊಡಗಿದಾಗ ಗದ್ದೆಯವರು ಸೇರಿ ಕಬ್ಬಿಣದ ಬಾಗಿಲು ಮಾಡಿಸಿದರು, ಅದನ್ನು ಎತ್ತಿಳಿಸಲು ಮೋಟಾರು ಹಾಕಿಸಿದರು. ಮೋಟಾರನ್ನು ನೀರಿನ ಮಟ್ಟ ನೋಡಿ ನಡೆಸುವ ಪೆಟ್ಟಿಗೆಯೊಂದನ್ನು ಮಾಡಿಕೊಡು ಎಂದು ನನ್ನ ತಮ್ಮನನ್ನು ಕೇಳಿದರು.

ಆಗ ಸಣ್ಣ ಕಂಟ್ರೋಲರ್ ಚಿಪ್‌ಗಳು ಎಲ್ಲಿಯೂ ಸಿಗುತ್ತಿರಲಿಲ್ಲ. ಸಿಕ್ಕವೂ ನಕಲಿ ಇರುತ್ತಿದ್ದವು. ತಮ್ಮನ ಡಬ್ಬಿಯಲ್ಲಿ ಬೇರೆ ಜಾತಿಯ ಕೆಲವು ಚಿಪ್‌ಗಳಿದ್ದವು. ಅವುಗಳೊಳಗೆ ತರ್ಕದ ಬಿಡಿ ಭಾಗಗಳಷ್ಟೇ ಇರುತ್ತವೆ. ಯಾವುದನ್ನು ಯಾವುದಕ್ಕೆ ಜೋಡಿಸಬೇಕೆಂದು ನಾವೇ ಬರೆದು ಹಾಕಿದರೆ ಅದು ನಾವು ಬಯಸಿದ ಸರ್ಕ್ಯೂಟ್ ಆಗುತ್ತದೆ. ಅವನು ಅದರಲ್ಲಿ ತನ್ನದೇ ಒಂದು ಪುಟ್ಟ ಪ್ರೊಸೆಸರ್ ಕಟ್ಟಿದ. ಯಾರೋ ಮಾಡಿದ್ದನ್ನು ರಿಪೇರಿ ಮಾಡುತ್ತಲೇ ಇದ್ದವನಿಗೆ ಮೊದಲ ಸಲ ಪೂರ್ತಿ ತನ್ನದು ಎನ್ನುವಂಥದ್ದು ಸಿಕ್ಕಿತ್ತು. ಆ ದಿನಗಳಲ್ಲಿ ಅವನು ಫೋನಿನಲ್ಲಿ ಮಾತಾಡುತ್ತಿದ್ದ ದನಿ ನನಗೆ ಇನ್ನೂ ನೆನಪಿದೆ.

ಪ್ರೊಸೆಸರ್ ಒಂದು ಆದೇಶವನ್ನು ಒಮ್ಮೆಗೇ ಮಾಡಿ ಮುಗಿಸುವುದಿಲ್ಲ. ಮೊದಲು ಆದೇಶವನ್ನು ನೆನಪಿನಿಂದ ತರಬೇಕು. ಅದು ಏನೆಂದು ತಿಳಿಯಬೇಕು. ಮಾಡಬೇಕು. ಹೊರಗಿನಿಂದ ಉತ್ತರ ಬರಬೇಕಾದರೆ ಕಾದಿರಬೇಕು. ಸಿಕ್ಕ ಫಲವನ್ನು ಬರೆದಿಡಬೇಕು. ಈಗ ಯಾವ ಹಂತ, ಮುಂದೆ ಯಾವ ಹಂತ ಎಂದು ಹೇಳಲು ಒಳಗೆ ಇನ್ನೊಂದು ಸಣ್ಣ ಯಂತ್ರವಿರುತ್ತದೆ. ಪಠ್ಯದಲ್ಲಿ ಅದಕ್ಕೆ ಫೈನೈಟ್ ಸ್ಟೇಟ್ ಮಷೀನ್ ಎಂದು ಹೆಸರು. ನಾನು ತರಗತಿಯಲ್ಲಿ ಸ್ಥಿತಿಯಂತ್ರ ಎನ್ನುತ್ತೇನೆ. ಕಪ್ಪುಹಲಗೆಯ ಮೇಲೆ ಐದು ವೃತ್ತ ಬರೆದು ಬಾಣಗಳಿಂದ ಜೋಡಿಸುತ್ತೇನೆ. ಗಡಿಯಾರದ ಒಂದೊಂದು ಬಡಿತಕ್ಕೂ ಯಂತ್ರ ಒಂದು ವೃತ್ತದಿಂದ ಇನ್ನೊಂದಕ್ಕೆ ಹೋಗುತ್ತದೆ. ತಾನು ಈಗ ಎಲ್ಲಿದ್ದೇನೆ ಎಂಬುದಷ್ಟೇ ಅದಕ್ಕೆ ಗೊತ್ತು.

ಒಮ್ಮೆ ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು, "ಹಿಂದೆ ಎಲ್ಲಿತ್ತು ಅಂತ ಅದಕ್ಕೆ ನೆನಪಿರಲ್ವಾ ಮೇಡಂ?" ನೆನಪಿರುವುದಿಲ್ಲ, ಬೇಕಾಗುವುದೂ ಇಲ್ಲ, ಅದೇ ಅದರ ಚೆಂದ ಎಂದಿದ್ದೆ. ಚೆಂದ ಎನ್ನುವ ಪದವನ್ನೇ ಬಳಸಿದ್ದೆ.

ತಮ್ಮ ಪೆಟ್ಟಿಗೆಯ ಮುಖದ ಮೇಲೆ ಐದು ಪುಟ್ಟ ದೀಪ ಕೂರಿಸಿದ್ದ, ಹಂತಕ್ಕೊಂದು. ಪಕ್ಕದಲ್ಲಿ ಬಿಳಿ ಪೇಂಟಿನಿಂದ ತರು, ತಿಳಿ, ಮಾಡು, ಕಾದಿರು, ಬರೆ ಎಂದು ಬರೆದಿದ್ದ. ಯಂತ್ರ ಬಹಳ ವೇಗವಾಗಿ ಸುತ್ತುವುದರಿಂದ ಐದೂ ಒಟ್ಟಿಗೆ ಮಂಕಾಗಿ ಉರಿಯುವಂತೆ ಕಾಣುತ್ತಿತ್ತು. ನೀರಿನ ಮಟ್ಟ ಹೇಳುವ ಸೆನ್ಸರ್ ನಿಧಾನದ್ದು, ಅದರ ಉತ್ತರಕ್ಕೆ ಯಂತ್ರ ಹೆಚ್ಚು ಹೊತ್ತು ಕಾಯುತ್ತಿತ್ತು. ಹಾಗಾಗಿ ಕಾದಿರು ಎಂಬ ದೀಪ ಉಳಿದವಕ್ಕಿಂತ ಸ್ವಲ್ಪ ಜೋರು.

ಪೆಟ್ಟಿಗೆ ಕೂರಿಸಿದ ದಿನ ನಾನೂ ಹೋಗಿದ್ದೆ. ಬಾಗಿಲಿಗೆ ಕಾಯಿ ಒಡೆದು, ಪೆಟ್ಟಿಗೆಗೂ ಕುಂಕುಮ ಹಚ್ಚಿದರು. ಬಾಗಿಲು ಕಾಯುವವನು ಕನ್ನಡಕ ಏರಿಸಿ ಐದೂ ಪದಗಳನ್ನು ಗಟ್ಟಿಯಾಗಿ ಓದಿ ನಕ್ಕ.

"ತರು, ಮಾಡು, ಕಾದಿರು... ಇದು ನಮ್ಮನೆ ಹೆಂಗ್ಸು ದಿನಾ ನಂಗೆ ಹೇಳುದೇ ಆತಲ ತಮಾ! ಪೆಟ್ಟಿಗೆಗೆ ಬರೂಕೆ ಮುಂಚೆ ನಂಗೇ ಹೇಳ್ಕೊಟ್ಟದೆ."

"ತಿಳಿ ಅಂತ ಹೇಳ್ತ್ರಾ?" ಎಂದ ನನ್ನ ತಮ್ಮ.

"ಅದೊಂದು ಹೇಳುದಿಲ್ಲ. ಇವ್ನಿಗೆ ತಿಳಿಯೂದಲ್ಲ ಅಂತ ಬಿಟ್ಟದೆ."

ಪೆಟ್ಟಿಗೆಯ ಬದಿಯಲ್ಲಿ ಒಂದು ತಿರುಗುವ ಸ್ವಿಚ್ಚಿತ್ತು. ಒಂದು ಕಡೆ ಯಂತ್ರ, ಇನ್ನೊಂದು ಕಡೆ ಕೈ. ಕೈ ಕಡೆಗೆ ತಿರುಗಿಸಿದರೆ ಬಾಗಿಲನ್ನು ಗುಂಡಿ ಒತ್ತಿ ತಾವೇ ಏರಿಸಬಹುದು, ಇಳಿಸಬಹುದು. ಅದರ ಕೆಳಗೆ ಒಂದು ಕೆಂಪು ಗುಂಡಿ. "ಎಂತಾದ್ರೂ ನಿಂತಂಗೆ ಕಂಡ್ರೆ ಇದನ್ನ ಒಂದ್ಸಲ ಒತ್ತಿ ಅಣ್ಣ, ಮೊದಲಿಂದ ಶುರು ಆಗ್ತು," ಎಂದು ತಮ್ಮ ಅವನ ಬೆರಳು ಹಿಡಿದು ಒತ್ತಿಸಿ ತೋರಿಸಿದ. ಅವನು ಎರಡನೇ ಸಲ ತಾನೇ ಒತ್ತಿದ. ಐದೂ ದೀಪ ಒಮ್ಮೆ ಆರಿ ಮತ್ತೆ ಹತ್ತಿದವು.

ಮಳೆಗಾಲವೆಲ್ಲ ಯಂತ್ರ ನಡೆಯಿತು. ಆದರೂ ಅವನು ದಿನವೂ ಬಾಗಿಲಿಗೆ ಹೋಗಿ ಬರುತ್ತಿದ್ದ. ಯಂತ್ರ ನಿಂತರೆ ತಾನಾಗಿ ಎಬ್ಬಿಸುವ ಇನ್ನೊಂದು ಸಣ್ಣ ಸರ್ಕ್ಯೂಟ್ ಹಾಕುವುದು ರೂಢಿ. ಅವನು ಹೇಗೂ ದಿನವೂ ನೋಡುತ್ತಾನಲ್ಲ, ಮುಂದಿನ ವರ್ಷ ಹಾಕಿದರಾಯಿತು ಎಂದು ತಮ್ಮ ಬಿಟ್ಟಿದ್ದ. ಇದನ್ನು ಅವನೇ ಆಮೇಲೆ ಎಲ್ಲರೆದುರು ಹೇಳಿದ.

ಮಹಾಲಯ ಅಮಾವಾಸ್ಯೆ ಬಂತು. ಮಳೆ ಹಿಂದೆ ಸರಿದು ಹೊಳೆಯ ನೀರು ಮತ್ತೆ ಉಪ್ಪಾಗುವ ಹೊತ್ತು. ಕಗ್ಗಕ್ಕೆ ಹೂ ಬರುವ ಹೊತ್ತೂ ಅದೇ. ಇಡಗುಂಜಿ ಹತ್ತಿರ ಅವನ ಅಕ್ಕನ ಮನೆ. ಭಾವ ತೀರಿಕೊಂಡ ಮೇಲಿನ ಮೊದಲ ಮಹಾಲಯ. ಅಮಾವಾಸ್ಯೆಗೆ ಬಾಗಿಲು ಬಿಟ್ಟು ಅವನು ಎಲ್ಲಿಗೂ ಹೋದವನಲ್ಲ. ನನ್ನ ತಮ್ಮನ ಅಂಗಡಿಗೆ ಬಂದು, ಹೋಗಬಹುದಾ ಎಂದು ಕೇಳಿದ. "ಹೋಗಿ ಬನ್ನಿ ಅಣ್ಣ, ಯಂತ್ರ ಇದ್ದಲ," ಎಂದು ತಮ್ಮ ಹೇಳಿದ.

ಅವನು ಹೋಗಿ, ಅಮಾವಾಸ್ಯೆಯ ಮರುದಿನ ಮೊದಲ ಬಸ್ಸಿಗೆ ಬಂದ. ಬಸ್ಸಿನಿಂದ ಇಳಿದು ಮನೆಗೆ ಹೋಗದೆ ನೇರ ಕಟ್ಟೆಗೆ ಹೋದ. ಬಾಗಿಲು ಪೂರ್ತಿ ಮೇಲಿತ್ತು. ಭರತ ಏರಿತ್ತು. ಒಳಗೂ ಹೊರಗೂ ನೀರು ಹೆಚ್ಚುಕಡಿಮೆ ಒಂದೇ ಮಟ್ಟ, ಪೈರು ಕುತ್ತಿಗೆಯವರೆಗೆ ನೀರಿನಲ್ಲಿ. ಅವನು ಓಡಿ ಹೋಗಿ, ಹೇಳಿಕೊಟ್ಟಿದ್ದಂತೆ, ಕೆಂಪು ಗುಂಡಿ ಒತ್ತಿದ. ಬಾಗಿಲು ಕೂಡಲೇ ಇಳಿದು ಮುಚ್ಚಿಕೊಂಡಿತು. ಬಳಿಕ ತಮ್ಮನಿಗೆ ಫೋನು ಮಾಡಿದ. ತಮ್ಮ ನನಗೆ ಮಾಡಿದ.

"ಅಕ್ಕ, ಗಜನಿ ಬಾಗಿಲು ತೆರ್ದೇ ಇತ್ತಡ. ನೀರು ಒಳಗೆ ಬಂಜಡ."

"ಯಂತ್ರ ನಿಂತಿತ್ತಾ?"

"ಗೊತ್ತಿಲ್ಲೆ. ಗುಂಡಿ ಒತ್ತಿ ಆತು. ನಾನೇ ಒತ್ತಿ ಹೇಳಿದ್ದೆ ಅಲ್ದಾ."

ನಾನು ರಜೆ ಹಾಕಿ ಹೊರಟೆ. ನಾವು ಕಟ್ಟೆ ತಲುಪುವಾಗ ಇಳಿತ ಶುರುವಾಗಿತ್ತು. ಹೊರಗಿನ ನೀರು ತಗ್ಗಿದ್ದನ್ನು ಕಂಡು ಯಂತ್ರ ತಾನಾಗಿ ಬಾಗಿಲು ಎತ್ತಿತ್ತು. ಒಳಗಿನ ನೀರು ಸದ್ದು ಮಾಡುತ್ತ ಹೊರಗೆ ಹೋಗುತ್ತಿತ್ತು. ಸ್ವಿಚ್ಚು ಯಂತ್ರದ ಕಡೆಗಿತ್ತು. ಐದೂ ದೀಪ ಮಂಕಾಗಿ, ನಾಲ್ಕನೆಯದು ಸ್ವಲ್ಪ ಜೋರಾಗಿ, ಇರಬೇಕಾದ ಹಾಗೇ ಉರಿಯುತ್ತಿದ್ದವು. ಬಾಗಿಲಿಗೆ ಕಟ್ಟಿದ ಬಲೆ ನೀರಿನಲ್ಲಿ ಬಿಚ್ಚಿಕೊಂಡಿತ್ತು. ಅದರಲ್ಲಿ ಮೀನಿತ್ತು.

ಕಟ್ಟೆಯ ಮೇಲೆ ಜನ ಸೇರಿದ್ದರು. ಗದ್ದೆಯವರ ಕಮಿಟಿಯ ಹಿರಿಯರು ಬಲೆಯನ್ನು ನೋಡಿದರು, ಆಮೇಲೆ ಅವನನ್ನು ನೋಡಿದರು.

"ಅಮಾಸೆ ಭರತಕ್ಕೆ ಬಲೆ ಯಾಕೆ ಬಿಟ್ಟಿದ್ದೆ?"

"ಸುತ್ತಿ ಮೇಲೆ ಕಟ್ಟಿ ಹೋಗಿದ್ದೆ. ಸೆಳವಿಗೆ ಬಿಚ್ಚಿರ್ಬೇಕು."

"ಒಳ್ಳೇದು. ಬಲೆಯೂ ತಾನೇ ಬಿಚ್ಚಿತು, ಬಾಗಿಲೂ ತಾನೇ ತೆರೀತು. ಮೀನು ಮಾತ್ರ ಕೇಳಿ ಒಳಗೆ ಬಂತೋ ಎಂತದೋ!"

ಯಾರೋ ನಕ್ಕರು. ಅಲ್ಲಿಂದ ಮಾತು ಹುಟ್ಟಿತು. ಹೋಗುವ ಮುಂಚೆ ಅವನೇ ಸ್ವಿಚ್ಚನ್ನು ಕೈ ಕಡೆಗೆ ತಿರುಗಿಸಿ ಬಾಗಿಲು ಎತ್ತಿಟ್ಟಿದ್ದಾನೆ, ದೊಡ್ಡ ಭರತಕ್ಕೆ ಮೀನು ಒಳಗೆ ಬರಲಿ ಎಂದು. ಬಂದು ನೋಡಿ ಹೆದರಿ ಸ್ವಿಚ್ಚು ತಿರುಗಿಸಿ ಗುಂಡಿ ಒತ್ತಿದ್ದಾನೆ ಎಂಬ ಮಾತು. ಸಂಜೆಯೊಳಗೆ ಅದು ಮಿರ್ಜಾನದ ಅಂಗಡಿಗಳಲ್ಲೆಲ್ಲ ಇತ್ತು.

ನಾವು ಪೆಟ್ಟಿಗೆ ಬಿಚ್ಚಿ ಕುಮಟೆಗೆ ತಂದೆವು. ತಮ್ಮ ತನ್ನ ಲ್ಯಾಪ್‌ಟಾಪ್ ನನ್ನ ಮುಂದಿಟ್ಟ. ಅವನು ಬರೆದದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಸ್ವಚ್ಛವಾಗಿ ಬರೆದಿದ್ದ. ನಾನು ತರಗತಿಯಲ್ಲಿ ತೋರಿಸಬಹುದಾದಷ್ಟು ಸ್ವಚ್ಛ.

ಐದು ಸ್ಥಿತಿಗಳನ್ನು ಗುರುತಿಸಲು ಮೂರು ಬಿಟ್ ಬೇಕು, ಒಂದೊಂದೂ ಸೊನ್ನೆ ಇಲ್ಲವೇ ಒಂದು. ಮೂರು ಬಿಟ್‌ನಿಂದ ಎಂಟು ಗುರುತುಗಳಾಗುತ್ತವೆ. ಐದಕ್ಕೆ ಹೆಸರಿದೆ, ಮೂರಕ್ಕಿಲ್ಲ. ಚಿತ್ರದಲ್ಲಿ ಆ ಮೂರಕ್ಕೆ ಹೋಗುವ ಬಾಣವೇ ಇಲ್ಲ. ಆದರೆ ಚಿಪ್ ಕೂತಿದ್ದು ಕಾಗದದ ಮೇಲಲ್ಲ. ಮೋಟಾರು ಶುರುವಾಗುವಾಗ ವೋಲ್ಟೇಜ್ ಕುಸಿಯಬಹುದು, ದೂರದಲ್ಲಿ ಸಿಡಿಲು ಬೀಳಬಹುದು, ಉಪ್ಪುಗಾಳಿಗೆ ಬೆಸುಗೆ ತುಕ್ಕು ಹಿಡಿಯಬಹುದು. ಒಂದು ಬಿಟ್ ತಿರುವುಮುರುವಾದರೆ ಯಂತ್ರ ಆ ಹೆಸರಿಲ್ಲದ ಜಾಗಕ್ಕೆ ಹೋಗಿ ಬೀಳುತ್ತದೆ. ಅಲ್ಲಿಂದ ಹೊರಡುವ ಬಾಣವಿಲ್ಲದಿದ್ದರೆ ಅಲ್ಲೇ ಇರುತ್ತದೆ. ಗಡಿಯಾರ ಬಡಿಯುತ್ತಲೇ ಇರುತ್ತದೆ. ಯಾವ ಆದೇಶವೂ ನಡೆಯುವುದಿಲ್ಲ. ಇಳಿತಕ್ಕೆ ಎತ್ತಿದ್ದ ಬಾಗಿಲು ಭರತ ಬಂದರೂ ಎತ್ತಿದಂತೆಯೇ ಇರುತ್ತದೆ.

"ನಾ ಬರ್ದಿದ್ದೆ ಅಕ್ಕ. ಇಲ್ಲಿ ನೋಡು."

ಬರೆದಿದ್ದ. ಈ ಐದರಲ್ಲಿ ಯಾವುದೂ ಅಲ್ಲದಿದ್ದರೆ ಮೊದಲ ಹಂತಕ್ಕೆ ಹೋಗು ಎಂಬ ಒಂದು ಸಾಲು, ಎಲ್ಲಕ್ಕಿಂತ ಕೆಳಗೆ. ಆದರೆ ನಾವು ಬರೆದದ್ದನ್ನು ಚಿಪ್‌ಗೆ ಇಳಿಸುವ ತಂತ್ರಾಂಶವೊಂದು ನಡುವೆ ಇರುತ್ತದೆ. ಅದು ಇಡೀ ಚಿತ್ರವನ್ನು ಓದಿ, ಆ ಮೂರು ಗುರುತುಗಳಿಗೆ ಹೋಗುವ ದಾರಿಯೇ ಇಲ್ಲ, ಅಂದಮೇಲೆ ಹಿಂದೆ ಬರುವ ದಾರಿ ಯಾಕೆ ಎಂದು ಲೆಕ್ಕ ಹಾಕಿ ಆ ಸಾಲನ್ನು ತೆಗೆದುಹಾಕಿತ್ತು. ತೆಗೆಯಬೇಡ ಎಂದು ಬೇರೆಯಾಗಿ ಹೇಳದಿದ್ದರೆ ಅದು ತೆಗೆಯುತ್ತದೆ. ಚಿಪ್‌ನೊಳಗೆ ಏನಿದೆ ಎಂದು ತೋರಿಸುವ ನಕ್ಷೆಯನ್ನು ನಾನು ತೆರೆದು ಹುಡುಕಿದೆ. ಆ ಸಾಲು ಇರಲಿಲ್ಲ. ತಮ್ಮ ಪರದೆಯನ್ನು ನೋಡುತ್ತ ಕೂತ.

ಇನ್ನೊಂದು ದಾರಿಯೂ ಇತ್ತು. ಸೆನ್ಸರಿನ ಬಾಯಿಗೆ ಕೆಸರು ಕಟ್ಟಿ ಉತ್ತರ ಬಾರದೇ ಹೋದರೆ ಯಂತ್ರ ಕಾದಿರು ಎಂಬ ಹಂತದಲ್ಲೇ ಉಳಿಯುತ್ತದೆ. ಎಷ್ಟು ಹೊತ್ತು ಕಾಯಬೇಕೆಂಬ ಮಿತಿಯನ್ನು ಅವನು ಇಟ್ಟಿರಲಿಲ್ಲ. ಕೆಸರು ಆಮೇಲೆ ತಾನೇ ತೊಳೆದು ಹೋಗಿದ್ದರೆ ಗುರುತೂ ಉಳಿಯುವುದಿಲ್ಲ.

ಹೀಗಾಗಿರಬಹುದು ಎಂದು ತಿಳಿಯಿತು. ಹೀಗೇ ಆಯಿತು ಎಂದು ಹೇಗೆ ತಿಳಿಯುವುದು? ಕೆಂಪು ಗುಂಡಿ ಒತ್ತಿದ ಕೂಡಲೇ ಆ ಮೂರು ಬಿಟ್ ಅಳಿಸಿ ಮೊದಲ ಹಂತದ ಗುರುತು ಬರುತ್ತದೆ. ಗುಂಡಿ ಇರುವುದೇ ಅದಕ್ಕೆ. ಅದಕ್ಕೆ ಮುಂಚೆ ಯಂತ್ರ ಎಲ್ಲಿ ಸಿಕ್ಕಿಬಿದ್ದಿತ್ತು, ಸಿಕ್ಕಿಬಿದ್ದಿತ್ತೋ ಇಲ್ಲವೋ, ಚಿಪ್‌ನಲ್ಲಿ ಎಲ್ಲಿಯೂ ಇಲ್ಲ.

ತಮ್ಮ ಅಂಗಡಿ ಮುಚ್ಚಿ ಯಂತ್ರವನ್ನು ನಿಲ್ಲಿಸಲು ಹೊರಟ. ಹೌದು, ನಿಲ್ಲಿಸಲು. ವೋಲ್ಟೇಜ್ ಇಳಿಸಿದ. ಪಕ್ಕದಲ್ಲೇ ದೊಡ್ಡ ಮೋಟಾರು ಶುರು ಮಾಡಿ ನಿಲ್ಲಿಸಿದ. ಬೋರ್ಡಿನ ಮೇಲೆ ಉಪ್ಪುನೀರು ಚಿಮುಕಿಸಿದ. ಹೇರ್ ಡ್ರೈಯರ್ ಹಿಡಿದು ಕಾಯಿಸಿದ. ಐದೂ ದೀಪ ಮಂಕಾಗಿ ಉರಿಯುತ್ತಲೇ ಇದ್ದವು. ನಾನು ಕಾಲೇಜು ಮುಗಿಸಿ ಭಟ್ಕಳದಿಂದ ರೈಲಿನಲ್ಲಿ ಬಂದು ನೋಡಿದಾಗಲೆಲ್ಲ ಅವನು ಅದೇ ಸ್ಟೂಲಿನ ಮೇಲೆ.

"ಎಂತಕ್ಕೆ ನಿಲ್ತಿಲ್ಲೆ ಇದು?" ಎಂದ ಒಂದು ದಿನ. "ಒಂದ್ಸಲ ನಿಂತ್ರೆ ಸಾಕಿತ್ತು ಅಕ್ಕ. ಒಂದೇ ಸಲ. ಹಿಡ್ಕಂಡು ಹೋಗಿ ತೋರಿಸ್ತಿದ್ದೆ."

ತನ್ನ ಕೈಯಾರೆ ಕಟ್ಟಿದ್ದು ಕೆಡಲಿ ಎಂದು ಬೇಡುತ್ತಿದ್ದವನಿಗೆ ನಾನೇನು ಹೇಳಬೇಕಿತ್ತು? "ಊಟ ಮಾಡು ಮಾಣಿ," ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ.

ಉಳಿದದ್ದು ದೀಪ. ಯಂತ್ರ ಕಾದಿರು ಎಂಬಲ್ಲಿ ನಿಂತಿದ್ದರೆ ಆ ಬೆಳಿಗ್ಗೆ ಅದೊಂದೇ ದೀಪ ಉರಿಯುತ್ತಿರಬೇಕಿತ್ತು. ಹೆಸರಿಲ್ಲದ ಜಾಗದಲ್ಲಿದ್ದರೆ ಒಂದೂ ಉರಿಯುತ್ತಿರಲಿಲ್ಲ. ಯಂತ್ರ ಸರಿಯಿದ್ದು ಬಾಗಿಲನ್ನು ಕೈಯಿಂದ ತೆರೆದಿದ್ದರೆ ಐದೂ ಮಂಕಾಗಿ ಉರಿಯುತ್ತಿರಬೇಕಿತ್ತು. ಗುಂಡಿ ಒತ್ತುವ ಮುನ್ನ ಪೆಟ್ಟಿಗೆಯ ಮುಂದೆ ನಿಂತಿದ್ದವನು ಅವನೊಬ್ಬನೇ.

ತಮ್ಮ ಅವನನ್ನು ಅಂಗಡಿಗೆ ಕರೆಸಿದ. ಅವನು ಚಪ್ಪಲಿ ಹೊರಗೆ ಬಿಟ್ಟು ಬಂದು ಬೆಂಚಿನ ತುದಿಯಲ್ಲಿ ಕೂತ. ನಾನು ಕೊಟ್ಟ ಚಹಾ ಹಾಗೇ ಪಕ್ಕದಲ್ಲಿಟ್ಟ.

"ಅಣ್ಣ, ಗುಂಡಿ ಒತ್ತೂಕೆ ಮುಂಚೆ ಯಾವ ದೀಪ ಉರೀತಿತ್ತು?"

"ದೀಪ..." ಎಂದ. "ನಾ ನೀರು ನೋಡ್ದೆ ತಮಾ. ದೀಪ ನೋಡ್ಲಿಲ್ಲ."

"ಎದುರಿಗೇ ಇತ್ತಲ. ಕಣ್ಣಿಗೆ ಬಿದ್ದಿರ್ತು. ನೆನಪು ಮಾಡ್ಕಳಿ."

ತಮ್ಮ ಲ್ಯಾಪ್‌ಟಾಪಿನಿಂದ ಬಿಟ್‌ಗಳನ್ನು ಬೇಕಾದಂತೆ ಬದಲಿಸಿ ಯಂತ್ರವನ್ನು ಒಂದೊಂದೇ ಸ್ಥಿತಿಯಲ್ಲಿ ನಿಲ್ಲಿಸಿ ತೋರಿಸಿದ. ಬರೀ ಕಾದಿರು. ಆಮೇಲೆ ಯಾವುದೂ ಇಲ್ಲ. ಆಮೇಲೆ ಐದೂ. ಅವನು ಕನ್ನಡಕ ಒರೆಸಿ ಹಾಕಿಕೊಂಡು, ಮುಂದೆ ಬಾಗಿ, ಪ್ರತಿಯೊಂದನ್ನೂ ಬಹಳ ಹೊತ್ತು ನೋಡಿದ.

"ಒಂದು ಜೋರು ಇತ್ತೇನೋ ಅನ್ನಿಸ್ತದೆ."

ತಮ್ಮ ನನ್ನ ಮುಖ ನೋಡಿದ. ಆ ದೀಪ ಸರಿಯಿರುವಾಗಲೂ ಜೋರಾಗಿಯೇ ಇರುತ್ತದೆ. ಅವನು ಮಳೆಗಾಲವೆಲ್ಲ ದಿನವೂ ಅದನ್ನು ನೋಡಿದ್ದಾನೆ. ತಮ್ಮ ಸ್ಟೂಲಿನಿಂದಿಳಿದು ಅವನ ಮುಂದೆ ಕೂತ.

"ಅದೊಂದೇ ಇತ್ತು ಹೇಳಿ ಅಣ್ಣ. ಉಳಿದಿದ್ದು ಇರ್ಲಿಲ್ಲ ಹೇಳಿ. ಅಷ್ಟು ಹೇಳಿದ್ರೆ ಮುಗದ್ಹೋತು. ನನ್ನ ಯಂತ್ರದ ತಪ್ಪು ಹೇಳಿ ಆಗ್ತು. ನಂಗೆ ಎಂತೂ ಬೇಜಾರಿಲ್ಲೆ."

"ನೋಡಿದ್ರೆ ಹೇಳ್ತಿದ್ದೆ."

"ಹಂಗೇ ಹೇಳಿ ಮಾರಾಯ್ರೆ!"

"ಬಾಗಿಲಿನ ಎದುರು ನಿಂತು ಹೇಳ್ಬೇಕಾಗ್ತದೆ ತಮಾ," ಎಂದ ಅವನು. "ಕಂಡಿಲ್ಲದ್ದ ಕಂಡೆ ಅಂತ ಅಲ್ಲಿ ಹೇಳೂಕೆ ನನ್ನ ಕೈಲಾಗೂದಿಲ್ಲ. ನಮ್ಮಪ್ಪ ಅಲ್ಲೇ ಹೋದ್ದು."

ಭರತದಲ್ಲಿ ಹಲಗೆ ಹಾಕುವಾಗ ಕಾಲು ಜಾರಿ ಅವನ ಅಪ್ಪ ಆ ಬಾಗಿಲಿನಲ್ಲೇ ಸತ್ತದ್ದು ನಮಗೆ ಗೊತ್ತಿರಲಿಲ್ಲ. ಅವನು ಎದ್ದು, ತಣ್ಣಗಾದ ಚಹಾವನ್ನು ಮರ್ಯಾದೆಗೆಂದು ಒಂದೇ ಗುಟುಕಿಗೆ ಕುಡಿದು ಹೋದ.

ಅಷ್ಟರಲ್ಲಿ ಗದ್ದೆ ತನ್ನ ಉತ್ತರ ಕೊಟ್ಟಿತ್ತು. ದೂರದಿಂದ ನೋಡಿದರೆ ತೆನೆ ಬಂದಂತೆ ಕಾಣುತ್ತಿತ್ತು. ಕೈಯಲ್ಲಿ ಹಿಡಿದರೆ ಬೆಳ್ಳಗೆ, ಹಗುರ, ಪೂರ್ತಿ ಜೊಳ್ಳು. ಬೀಜಕ್ಕೆ ಇಡುವಷ್ಟೂ ಇಲ್ಲ ಎಂದರು.

ಕಟ್ಟೆಯ ಮೇಲೆ, ಬಾಗಿಲಿನ ಪಕ್ಕದಲ್ಲೇ ಸಭೆ ಸೇರಿತು. ಗಜನಿಯ ಮಾತು ಗಜನಿಯಲ್ಲೇ ಆಗಬೇಕೆಂಬುದು ಅಲ್ಲಿನ ಪದ್ಧತಿ. ಬಾಗಿಲು ಕಾಯುವವನು ತಾನು ಮಾಡಿದ್ದನ್ನು ಇದ್ದಷ್ಟೇ ಹೇಳಿದ. ತಮ್ಮ ಎದ್ದು, ಹೋಗಿ ಬನ್ನಿ ಎಂದವನು ನಾನು, ಎಬ್ಬಿಸುವ ಸರ್ಕ್ಯೂಟ್ ಹಾಕದವನು ನಾನು, ಯಂತ್ರ ನಿಂತಿತ್ತು, ತಪ್ಪು ನನ್ನದು ಎಂದ. ಹಿರಿಯರು ತಲೆ ಅಲ್ಲಾಡಿಸಿದರು.

"ನೀನು ಒಳ್ಳೆಯವ. ಅವ್ನ ಮೇಲೆ ಕರುಣೆ ಬಂದು ಹೇಳ್ತಿದ್ದೆ ಅಂತ ಎಲ್ಲಾರಿಗೂ ಗೊತ್ತದೆ. ಅಕ್ಕೋರು ಇದನ್ನೇ ಕಲಿಸೋರು. ಅವ್ರು ಹೇಳ್ಲಿ. ಅಕ್ಕೋರೆ, ಯಂತ್ರ ನಿಂತಿತ್ತಾ?"

ನಾನು ಎದ್ದು ನಿಂತೆ. ಎಲ್ಲರ ಮುಖ ನನ್ನ ಕಡೆಗಿತ್ತು. ಅವನ ಮುಖವೂ. ಯಂತ್ರ ನಿಲ್ಲುವುದು ಸಾಧ್ಯ ಎಂದೆ. ಹೇಗೆ ಸಾಧ್ಯ ಎಂದು, ಮೂರು ಬಿಟ್, ತೆಗೆದುಹಾಕಿದ ಸಾಲು, ಬಾರದ ಉತ್ತರ, ಎಲ್ಲವನ್ನೂ ಆದಷ್ಟು ಸರಳವಾಗಿ ಹೇಳಿದೆ. ನಿಂತಿದ್ದರೆ ಬಾಗಿಲು ಹೀಗೇ ತೆರೆದಿರುತ್ತಿತ್ತು ಎಂದೆ.

"ಕೈಯಿಂದ ತೆರೆದಿದ್ರೆ?"

"ಆಗಲೂ ಹೀಗೇ ಇರ್ತಿತ್ತು."

"ನಿಂತಿತ್ತು ಅನ್ನೂಕೆ ಗುರುತು ಅದ್ಯಾ?"

"ಇಲ್ಲ. ಗುಂಡಿ ಒತ್ತಿದ ಮೇಲೆ ಉಳಿಯೋದಿಲ್ಲ."

"ಹಂಗಾದ್ರೆ ಯಂತ್ರ ಸರಿಯಾಗೇ ಇತ್ತು ಅಂತಲೂ ಆಗಬಹುದು?"

ಆಗಬಹುದು ಎಂದೆ. ಆ ಪದ ಬಾಯಿಂದ ಹೊರಟಾಗಲೇ ಅದು ಏನು ಮಾಡುತ್ತದೆ ಎಂದು ನನಗೆ ಕಂಡಿತು. ಕುಳಿತವರಲ್ಲಿ ಒಂದು ಗುಜುಗುಜು ಎದ್ದು, ತಗ್ಗಿ, ನಿಂತಿತು. ನನ್ನ ಪ್ರಕಾರ ನಾನು ಎರಡು ಸಾಧ್ಯತೆಗಳನ್ನು ಸಮವಾಗಿ ಅವರ ಮುಂದೆ ಇಟ್ಟಿದ್ದೆ. ಅವರ ಮುಂದೆ ಇದ್ದದ್ದು ಮೀನಿದ್ದ ಬಲೆ.

ತಮ್ಮ ಮತ್ತೆ ಎದ್ದ. "ಅಕ್ಕ, ನಿಂತಿತ್ತು ಹೇಳು," ಎಂದು ಎಲ್ಲರೆದುರೂ ಕೂಗಿದ. ಅದೂ ಕೇಡೇ ಆಯಿತು. ಅವನು ಸುಳ್ಳು ಹೇಳಿಸುತ್ತಿದ್ದಾನೆ ಎಂದು ಕಂಡಿತು, ಅಷ್ಟೆ.

ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವನು ಕಳ್ಳ ಎಂದು ಯಾರೂ ಅನ್ನಲಿಲ್ಲ. ಪೆಟ್ಟಿಗೆ ಬೇಡ, ಮೊದಲಿನಂತೆ ಹಲಗೆ ಇರಲಿ. ಬಾಗಿಲನ್ನು ಇನ್ನೊಂದು ಮನೆಯವರು ಕಾಯಲಿ. ಬಲೆಯ ಹಕ್ಕೂ ಅವರಿಗೇ. ಹಿರಿಯರು ಮೃದುವಾಗಿಯೇ ಹೇಳಿದರು. "ನಿಂಗೂ ವಯಸ್ಸಾತು. ಮಂಡಿ ಬೇರೆ." ಅವನು ತಲೆ ಎತ್ತಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತೇನೋ.

ಸಭೆ ಚದುರಿದ ಮೇಲೆ ಇಳಿತ ನೋಡಿಕೊಂಡು ಅವನು ಬಲೆಯ ಗೂಟ ಕೀಳಲು ಕೆಸರಿಗಿಳಿದ. ತಮ್ಮ ಪ್ಯಾಂಟು ಮಡಚಿ ಇಳಿಯಹೋದರೆ, "ನೀ ಇಳೀಬೇಡ ತಮಾ, ಕಾಲು ಹೂತ್ಕೊಳ್ತದೆ," ಎಂದು ತಡೆದ. ಸಿಟ್ಟಿನಿಂದಲ್ಲ. ಗೂಟಗಳು ಅವನ ಅಪ್ಪನ ಕಾಲದವಂತೆ. ಅಲ್ಲಾಡಿಸಿ, ಅಲ್ಲಾಡಿಸಿ, ಒಂದೊಂದನ್ನೇ ತೆಗೆದು ಕಟ್ಟೆಯ ಮೇಲೆ ಇಟ್ಟ. ತಮ್ಮ ಸ್ವಲ್ಪ ದೂರದಲ್ಲಿ ನಮಗೆ ಬೆನ್ನು ಹಾಕಿ ಕೂತಿದ್ದ.

ನಾನು ಹತ್ತಿರ ಹೋದೆ. ಇದ್ದದ್ದನ್ನೇ ಹೇಳಬೇಕಾಯಿತು ಎಂಬಂಥ ಏನನ್ನೋ ಹೇಳಿದೆ.

"ನೀವು ಹೇಳಿದ್ದು ಸಮ ಅದೆ ಅಕ್ಕೋರೆ," ಎಂದ. ಕೈಯ ಕೆಸರನ್ನು ನೀರಿನಲ್ಲಿ ಅದ್ದಿ ತೊಳೆದ. "ಒಂದು ಕೇಳ್ತೆ. ನಾ ಆ ಬಾಗಿಲು ತೆಗೀಲಿಲ್ಲ ಅಂತ ನಿಮ್ಗೆ ಗೊತ್ತಿದ್ಯಾ?"

"ನಾನು ನಂಬ್ತೇನೆ," ಎಂದೆ.

"ನಂಬೂದು ಇವ್ರೂ ನಂಬ್ತ್ರು, ನಾನೇ ತೆಗ್ದೆ ಅಂತ. ಗೊತ್ತಿದ್ಯಾ ಅಂತ ಕೇಳ್ದೆ."

ಅವನು ಸ್ವಲ್ಪ ಹೊತ್ತು ಕಾದ, ಆಮೇಲೆ ಮುಂದಿನ ಗೂಟಕ್ಕೆ ಹೋದ.